ದೊಡ್ಡಮಳೂರಿಗೆ ಹರಕೆ ತೊಟ್ಟಿಲು

ಮಕ್ಕಳ ವೈದ್ಯೆಯಾಗಬೇಕೆಂದು ಎರಡನೇ ಸಲ ನೀಟ್ ಪಿಜಿ ಬರೆದ ವರ್ಷ ನಾನು ಮರಳವಾಡಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದೆ. ಬೆಳಗ್ಗೆ ಜ್ವರ, ಭೇದಿ, ನಾಯಿಕಡಿತ. ಮಧ್ಯಾಹ್ನ ಊಟದ ಡಬ್ಬಿಯ ಪಕ್ಕದಲ್ಲಿ ಮೊಬೈಲು, ಅದರಲ್ಲಿ ಹಳೆಯ ಪ್ರಶ್ನೆಗಳು. ಮೊದಲ ಸಲದ ರ‍್ಯಾಂಕ್ ಹೇಳಿಕೊಳ್ಳುವಂತಿರಲಿಲ್ಲ. ನೆಂಟರೇ ಅದನ್ನು ಹೇಳಿಕೊಂಡು ತಿರುಗಿದರು. ಎರಡನೆಯದು ಸೀಟು ಸಿಕ್ಕರೂ ಸಿಗಬಹುದು, ಇಲ್ಲದಿದ್ದರೂ ಇಲ್ಲ ಎನ್ನುವಂಥದ್ದು.

ಕೌನ್ಸೆಲಿಂಗಿನಲ್ಲಿ ನಮಗೆ ಬೇಕಾದ ವಿಷಯ, ಕಾಲೇಜುಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಮೇಲಿನದು ಸಿಕ್ಕಿತೆಂದರೆ ಕೆಳಗಿನವಕ್ಕೆ ಎಳ್ಳುನೀರು. ಕಣ್ಣಿನ ವಿಭಾಗ ನನ್ನ ರ‍್ಯಾಂಕಿಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಅಮ್ಮ ಅದನ್ನೇ ಹಿಡಿದುಕೊಂಡಳು.

"ಕಣ್ಣಿನ ಡಾಕ್ಟ್ರಾಗವ್ವ. ಸರ್ವೊತ್ನಲ್ಲಿ ಯಾರೂ ಬಾಗ್ಲು ಬಡಿಯಾಕಿಲ್ಲ."

"ನಂಗೆ ಮಕ್ಕಳೇ ಬೇಕು."

"ಮಕ್ಳು ಕೈಲೇ ಹೋಗ್ಬುಡ್ತವೆ ಕಣವ್ವ. ನೀನ್ ತಡ್ಕಳಾಕಿಲ್ಲ."

ನನಗಿಂತ ಮುಂಚೆ ಹುಟ್ಟಿದ ಗಂಡುಮಗು ಎಂಟು ತಿಂಗಳಿಗೆ ಜ್ವರದಲ್ಲಿ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತು ನನ್ನನ್ನು ಹೆತ್ತಳು ಎಂಬುದಷ್ಟೇ ನನಗೆ ಗೊತ್ತಿತ್ತು. ಅಮ್ಮ ಯಾರ ಪರವಾಗಿ ಹೆದರುತ್ತಿದ್ದಾಳೆಂದು ತಿಳಿದೂ ನಾನು ಸೋಲಲಿಲ್ಲ. ಪಟ್ಟಿಯ ತುಂಬ ಮಕ್ಕಳ ವಿಭಾಗವನ್ನೇ ಹಾಕಿದೆ. ಕಣ್ಣಿನದನ್ನು ಕೊನೆಗೂ ಸೇರಿಸಲಿಲ್ಲ. ಸಿಗದಿದ್ದರೆ ಮೂರನೇ ಸಲ ಪರೀಕ್ಷೆ, ಮತ್ತೆ ಅದೇ ನೆಂಟರು.

"ದೇವ್ರಿಗಾದ್ರೂ ಒಂದ್ ಮಾತ್ ಹೇಳ್ಕಳವ್ವ" ಎಂದಳು.

"ಸೀಟು ದೇವ್ರು ಕೊಡಲ್ಲಮ್ಮ, ರ‍್ಯಾಂಕ್ ಕೊಡೋದು" ಎಂದೆ. ಮಾತು ಒರಟಾಯಿತು, ಆದರೆ ಸುಳ್ಳಾಗಿರಲಿಲ್ಲ.

ಅಮ್ಮ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ಅರಗಿನ ಬಣ್ಣ ಹಚ್ಚುತ್ತಾಳೆ. ಸೀಟು ಹಂಚಿಕೆಗೆ ಇನ್ನೂ ಕೆಲವು ದಿನವಿದ್ದಾಗ, ಅಲ್ಲಿಂದ ಗೇಣುದ್ದದ ಮರದ ತೊಟ್ಟಿಲೊಂದನ್ನು ತಂದಳು. ಹಳದಿ ಬಣ್ಣ, ಕೆಂಪು ಅಂಚು, ಎರಡೂ ಅವಳೇ ಹಚ್ಚಿದ್ದು. ಭಾನುವಾರ ನನ್ನನ್ನೂ ಎಳೆದುಕೊಂಡು ದೊಡ್ಡಮಳೂರಿಗೆ ಹೊರಟಳು. ಕಣ್ಣಿನ ಸೀಟಿಗೇ ಹರಕೆ ಇರಬೇಕು, ಪಟ್ಟಿಯಲ್ಲಿ ಅದು ಇಲ್ಲವೆಂದು ದೇವರಿಗೆ ಯಾರು ಹೇಳುತ್ತಾರೆ ಎಂದುಕೊಂಡು ಹೋದೆ.

ಅರ್ಚಕರು ತೊಟ್ಟಿಲು ನೋಡಿ ನನ್ನ ಕಡೆ ತಿರುಗಿದರು. "ಮದುವೆಯಾಗಿ ಎಷ್ಟು ವರ್ಷವಾಯ್ತಮ್ಮ?"

"ಅವ್ಳಿಗಿನ್ನೂ ಮದ್ವೆ ಆಗಿಲ್ಲ ಸ್ವಾಮಿ" ಎಂದಳು ಅಮ್ಮ.

ಅವರು ತೊಟ್ಟಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಿಂದೆ ನಿಂತ ಹೆಂಗಸರೆಲ್ಲ ಕಿವಿ ನಿಮಿರಿಸಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮಕ್ಳ ಡಾಕ್ಟ್ರಾಗ್ತಾಳೆ ಇವ್ಳು" ಎಂದಳು ಅಮ್ಮ. "ಇವ್ಳ ಕೈಗೆ ಬಂದ ಮಕ್ಳು ಉಳ್ಕಳ್ಳಿ ಅಂತ ಕಟ್ತಾ ಇವ್ನಿ."

ಅರ್ಚಕರು ತೊಟ್ಟಿಲನ್ನು ಕೈಗೆ ತೆಗೆದುಕೊಂಡರು. ಹೆಂಗಸರಲ್ಲಿ ಒಬ್ಬಾಕೆ ತನ್ನ ಕೈಯಲ್ಲಿದ್ದ ಬೆಣ್ಣೆಸಕ್ಕರೆ ಪ್ರಸಾದದಲ್ಲಿ ನನಗೂ ಒಂದಿಷ್ಟು ಕೊಟ್ಟಳು.

ಆಟೋ ಹತ್ತಿದ ಮೇಲೆ ಕೇಳಿದೆ. "ಸೀಟು ಸಿಗಲಿ ಅಂತ ಕೇಳ್ಲೇ ಇಲ್ವಲ್ಲಮ್ಮ?"

"ಅದನ್ನ ರ‍್ಯಾಂಕ್ ಕೊಡ್ತದೆ ಅಂದಿದ್ಯಲ್ಲ. ರ‍್ಯಾಂಕ್ ಕೈಲಿ ಆಗ್ದಿರೋದ ಕೇಳ್ಕಂಡೆ."

ನಾನು ಹೊರಗೆ ನೋಡುತ್ತಾ ಅತ್ತೆ.

ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿತು. ರ‍್ಯಾಂಕ್ ತನ್ನ ಕೆಲಸ ಮಾಡಿತ್ತು. ಅಮ್ಮ ಕೇಳಿಕೊಂಡದ್ದು ಮಾತ್ರ ಎಲ್ಲ ಸಲವೂ ನಡೆಯುವುದಿಲ್ಲ. ನಡೆಯದ ದಿನ ವಾರ್ಡಿನಿಂದ ಹೊರಗೆ ಬಂದು ಅವಳಿಗೆ ಫೋನ್ ಮಾಡುತ್ತೇನೆ. ವಿಷಯ ಹೇಳುವುದಿಲ್ಲ. ಅವಳೂ ಕೇಳುವುದಿಲ್ಲ.

"ಮೊದ್ಲು ಒಸಿ ಉಣ್ಣೋಗವ್ವ" ಎನ್ನುತ್ತಾಳೆ. "ಒಳ್ಗೆ ಇನ್ನೂ ಮಕ್ಳವೆ."