ಪ್ರೊಸೆಸರ್ ಕೂಡಿಸುವವನ ಕೈ

ದೇವಾನಂದನ ಬಲಗೈ ನಡುಗುತ್ತದೆ ಎಂಬುದು ಅವನ ಹೆಂಡತಿ ವಿಶಾಖಾಳಿಗೆ, ಡಾಕ್ಟರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ತೊಡೆಯ ಮೇಲೆ ಸುಮ್ಮನೆ ಇಟ್ಟಾಗ ಆ ಕೈ ಎಂದಿನಂತೆ ಇರುತ್ತಿತ್ತು. ಸಣ್ಣದೇನನ್ನಾದರೂ ಎತ್ತಿ, ಗುರಿಯಿಟ್ಟು ಇಡಲು ಹೋದರೆ ಮಾತ್ರ, ರೈಲು ಹಾಯುವಾಗ ಇಬ್ರಾಹಿಂಪುರದ ಅವರ ಮನೆಯ ಕಿಟಕಿ ಗಾಜು ಅದುರುವ ಹಾಗೆ ಬೆರಳುಗಳು ಅದುರುತ್ತಿದ್ದವು.

ಅರಕೇರಿಯಲ್ಲಿ ಹುಟ್ಟಿದ ಅವನು ಹರೆಯದಲ್ಲಿ ವಿಜಯಪುರಕ್ಕೆ ಬಂದು ಮೊದಲು ರೇಡಿಯೊ ರಿಪೇರಿ ಕಲಿತ, ಆಮೇಲೆ ಟಿ.ವಿ., ಕೊನೆಗೆ ಕಂಪ್ಯೂಟರು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವನದೊಂದು ಕಿರಿದಾದ ಅಂಗಡಿ. ಬಿಡಿ ಸಾಮಾನು ತರಿಸಿ ಹೊಸ ಮಷೀನು ಜೋಡಿಸಿ ಕೊಡುವುದು ಅವನ ಕಸುಬು. ಅದರಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಪ್ರೊಸೆಸರ್ ಕೂಡಿಸುವ ಗಳಿಗೆ. ಬೋರ್ಡಿನ ನಡುವೆ ಅದಕ್ಕೊಂದು ಚೌಕದ ಗೂಡು. ಗೂಡಿನ ತುಂಬ ಕೂದಲೆಳೆಯಂಥ, ಚಿನ್ನದ ಬಣ್ಣದ ಸಾವಿರಾರು ಮೊನೆಗಳು. ಮಲಗಿದ ಕೂಸನ್ನು ಹೆಗಲಿನಿಂದ ಹಾಸಿಗೆಗೆ ಇಳಿಸುವ ಹಾಗೆ ಪ್ರೊಸೆಸರನ್ನು ಅಲ್ಲಿಗೆ ಇಳಿಸಬೇಕು. ಒತ್ತುವಂತಿಲ್ಲ, ಸರಿಸುವಂತಿಲ್ಲ. ಸರಿಯಾಗಿ ಇಳಿಸಿದರೆ ಅದು ತನ್ನ ಭಾರಕ್ಕೆ ತಾನೇ ಕೂಡುತ್ತದೆ. ಆಗ ಬೆರಳ ತುದಿಗೆ ಸಿಗುವ ಆ ಸಣ್ಣ ನಿರಾಳಕ್ಕಾಗಿಯೇ ಅವನು ಇಷ್ಟು ವರ್ಷ ಆ ಓಣಿಯ ಧೂಳಿನಲ್ಲಿ ಕುಳಿತಿದ್ದ.

ಹೋದ ಬೇಸಿಗೆಯಲ್ಲಿ ಬಬಲೇಶ್ವರದ ಸ್ಟುಡಿಯೋದ ರಾಜಾರಾಮನಿಗೆ ಮಷೀನು ಜೋಡಿಸುವಾಗ ಕೈ ಅದುರಿ ಪ್ರೊಸೆಸರಿನ ಮೂಲೆ ಮೊನೆಗಳ ಮೇಲೆ ಬಿತ್ತು. ಒಂದು ಸಾಲು ಬಾಗಿಹೋಯಿತು. ಎದುರಿಗಿದ್ದ ರಾಜಾರಾಮ ಕೈ ಜಾರಿತೆಂದೇ ತಿಳಿದ. ಭೂತಗನ್ನಡಿ ಹಿಡಿದು ಎಷ್ಟು ಎತ್ತಿ ನಿಲ್ಲಿಸಿದರೂ ಬೋರ್ಡಿಗೆ ಜೀವ ಬರಲಿಲ್ಲ. ನರದ ಬೇನೆ, ಹೋಗುವಂಥದ್ದಲ್ಲ, ನಿಧಾನವಾಗಿ ಏರುತ್ತದೆ ಎಂದರು ಡಾಕ್ಟರು. ಗುಳಿಗೆ ನುಂಗಿದರೆ ಸ್ವಲ್ಪ ಹೊತ್ತು ತಗ್ಗುತ್ತಿತ್ತು, ಅಷ್ಟೇ. ಅಂದಿನಿಂದ ಅವನು ಧೂಳು ಹೊಡೆಯುವುದು, ಡಿಸ್ಕ್ ಬದಲಿಸುವುದು, ಇಂಥ ಕೆಲಸಗಳಲ್ಲೇ ದಿನ ನೂಕುತ್ತಿದ್ದ. ಹೊಸ ಮಷೀನು ಕೇಳಿ ಬಂದವರಿಗೆ ಸಾಮಾನು ಬಂದಿಲ್ಲ ಎನ್ನುತ್ತಿದ್ದ.

ಹಾಗಿರುವಾಗ ತಿಕೋಟಾದಿಂದ ರುಕ್ಸಾರ ಬಂದಳು, ತಾಯಿ ಇಮಾಮಬಿಯನ್ನು ಕರೆದುಕೊಂಡು. ಕಟ್ಟಲಿರುವ ಮನೆ ಒಳಗಿನಿಂದ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರಗಳನ್ನು ಅವಳು ಇಂಜಿನಿಯರುಗಳಿಗೆ ಮಾಡಿಕೊಡುತ್ತಿದ್ದಳು. ಹಳೆಯ ಮಷೀನು ಗೋಡೆಯೊಂದನ್ನು ತಿರುಗಿಸುವಷ್ಟರಲ್ಲಿ ಸತ್ತಂತೆ ನಿಂತುಬಿಡುತ್ತಿತ್ತು.

"ಕಾಕಾ, ನಮ್ಮಣ್ಣ ಫೈಜಲ ಸರ್ವರ್ ಪ್ರೊಸೆಸರ್ ತಗೋ ಅಂತಾನ್ರಿ. ಅದರಾಗ ಅರವತ್ನಾಕು ಕೋರ್ ಅದಾವಂತ. ವರ್ಕ್‌ಸ್ಟೇಷನ್ದಾಗ ಬರೇ ಹದಿನಾರ."

"ಹದಿನಾರಕ್ಕಿಂತ ಅರವತ್ನಾಕು ಹೆಚ್ಚು ಅನ್ನೂದು ನನಗೂ ತಿಳೀತದ," ಎಂದಳು ಇಮಾಮಬಿ. "ಇಷ್ಟ ಕೇಳಾಕ ಬಸ್ಸಿನಾಗ ನಿಂತಕೊಂಡ ಬರಬೇಕಿತ್ತೇನ ಬೇಟಿ?"

ದೇವಾನಂದ ನಕ್ಕ. "ಅಕ್ಕಾರ, ನೀವು ಏನ ಕೆಲಸಾ ಮಾಡ್ತೀರಿ?"

"ಶೆಡ್ಡಿನಾಗ ಒಣದ್ರಾಕ್ಷಿ ಆರಸತೇನ್ರಿ."

"ಅದಕ್ಕ ಎಷ್ಟ ಮಂದಿ ಕುಂತರ ಛಲೋ?"

"ಎಷ್ಟ ಮಂದಿ ಕುಂತರೂ ಛಲೋನ. ರಾಶಿ ಲಗೂ ಕರಗತದ."

"ಮತ್ತ ಒಂದ ಜಂಪರ್ ಹೊಲ್ಯಾಕ?"

"ಅದಕ್ಕ ಒಬ್ಬಾಕಿನ ಸಾಕ್ರಿ. ಹತ್ತ ಮಂದಿ ಕೂಡಿದ್ರ ತೋಳು ಒಂದ ಕಡೆ, ಕುತ್ತಿಗಿ ಒಂದ ಕಡೆ!"

"ಹಂಗ ನೋಡ್ರಿ ಇದೂ," ಎಂದ ದೇವಾನಂದ. ಕೋರ್ ಅಂದರೆ ಕೆಲಸದ ಕೈ. ಸರ್ವರ್ ಪ್ರೊಸೆಸರು ರಾಶಿ ಆರಿಸುವ ಮಂದಿಯಿದ್ದ ಹಾಗೆ. ಒಬ್ಬೊಬ್ಬರ ಕೈ ನಿಧಾನ, ಆದರೆ ಕೈ ಬಹಳ; ಹಗಲು ರಾತ್ರಿ ದಣಿಯದೆ ಸಾವಿರ ಜನರ ಸಾವಿರ ಕೆಲಸ ಹಂಚಿಕೊಂಡು ಮಾಡುತ್ತದೆ. ಒಬ್ಬರೇ ಕುಳಿತು ಕೆಲಸ ಮಾಡುವ ವರ್ಕ್‌ಸ್ಟೇಷನ್ನಿನ ಪ್ರೊಸೆಸರಿಗೆ ಕೈ ಕಡಿಮೆ, ಆದರೆ ಒಂದೊಂದೂ ಚುರುಕು. ರುಕ್ಸಾರ ಒಂದು ಗೋಡೆ ತಿರುಗಿಸಿದರೆ ಅದರ ಕಿಟಕಿ ತಿರುಗಬೇಕು, ಕಿಟಕಿ ತಿರುಗಿದ ಮೇಲೆ ಅದರ ನೆರಳು ಬೀಳಬೇಕು. ಒಂದು ಲೆಕ್ಕ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ. ಅದು ಜಂಪರ್ ಹೊಲಿಯುವ ಕೆಲಸ.

"ಕಡೀಕ ಮನೀದ ವಿಡಿಯೋ ತಗೀತೀಯಲ್ಲ, ಅದರಾಗ ಸಾವಿರ ಚಿತ್ರ ಬ್ಯಾರೆ ಬ್ಯಾರೆ, ಅದು ಮಾತ್ರ ದ್ರಾಕ್ಷಿ ಆರಸೂ ಕೆಲಸಾ. ಅಲ್ಲಿ ಸರ್ವರ್ ಗೆಲ್ತದ. ನೀ ದಿನಾ ಹೆಚ್ಚು ಏನ ಮಾಡ್ತಿ?"

"ಗೋಡಿ ತಿರಗಸೂದರಾಗ ದಿನಾ ಹೋಗತದ್ರಿ. ವಿಡಿಯೋ ಹಚ್ಚಿ ನಾ ಮಲಗಿಬಿಡತೇನಿ." ಅವಳು ಮುಂದಕ್ಕೆ ಬಾಗಿದಳು. "ಯಾವುದ ತಗೋಲಿ ಕಾಕಾ? ನೀವ ಹೇಳಿದ್ದ ಖರೆ."

ಫೈಜಲ ಹೇಳಿದ ಆ ಸರ್ವರ್ ಪ್ರೊಸೆಸರನ್ನು ಕೂಡಿಸುವ ಬಗೆ ದೇವಾನಂದನಿಗೆ ಗೊತ್ತಿತ್ತು. ಅದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬರುತ್ತದೆ. ಎರಡು ಹಳಿಗಳ ನಡುವೆ ಮೇಜಿನ ಖಾನೆ ತಳ್ಳಿದ ಹಾಗೆ ತಳ್ಳಿ, ಮೇಲೆ ಸ್ಕ್ರೂ ಬಿಗಿದರೆ ಆಯಿತು. ನಡುಗುವ ಕೈಗೂ ಸಾಧ್ಯ. ಇವಳಿಗೆ ಬೇಕಾದದ್ದನ್ನೋ ಗಾಳಿಯಲ್ಲಿ ಹಿಡಿದು ಇಳಿಸಬೇಕು. ಸರ್ವರ್ ಅಂದುಬಿಟ್ಟರೆ ಯಾರೂ ಕೇಳುವವರಿಲ್ಲ, ಅಣ್ಣನ ಮಾತೂ ಉಳಿಯುತ್ತದೆ. ಇನ್ನೊಂದು ಸಲ, ಒಂದೇ ಒಂದು ಸಲ, ತನ್ನ ಕೈಯಿಂದ ಒಂದು ದೊಡ್ಡ ಮಷೀನು ಎದ್ದು ನಿಲ್ಲುತ್ತದೆ. ಆಮೇಲೆ ಈ ಹುಡುಗಿ ವರ್ಷಗಟ್ಟಲೆ ಗೋಡೆ ತಿರುಗುವುದನ್ನು ಕಾಯುತ್ತ ಕುಳಿತಿರುತ್ತಾಳೆ.

"ವರ್ಕ್‌ಸ್ಟೇಷನ್ದ ತಗೋವಾ," ಎಂದ.

"ನೀವ ಜೋಡಿಸಿ ಕೊಡ್ತೀರಲ್ರಿ?"

"ಹೂಂ," ಅಂದುಬಿಟ್ಟ.

ಮನೆಯಲ್ಲಿ ಇದನ್ನು ಕೇಳಿ ವಿಶಾಖಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೂಂ ಯಾಕಂದ್ರಿ? ಹೇಳಿಬಿಡಬೇಕಿಲ್ಲ? ಕೈ ನಡಗೂದು ಕಳವೇನಲ್ಲ."

"ಕೈ ಹೋದ್ರ ದೇವಾನಂದ ಅಂತ ಏನ ಉಳೀತದ ಬೇ?"

"ಹಾಲು ತರಾಕ ಒಬ್ಬಾವ ಬೇಕಲ್ಲ, ಅಂವಾ ಉಳೀತಾನ," ಎಂದು ಅವಳು ಮುಖವನ್ನು ಒಲೆಯ ಕಡೆ ತಿರುಗಿಸಿಕೊಂಡಳು.

ಸಾಮಾನು ಬಂದ ದಿನ ತಾಯಿ ಮಗಳು ಇಬ್ಬರೂ ಬಂದರು. ಡಬ್ಬಿಯ ಸೀಲು ಗಿರಾಕಿಯ ಮುಂದೆಯೇ ಒಡೆಯಬೇಕು, ಅವರ ಕಣ್ಣೆದುರೇ ಜೋಡಿಸಬೇಕು. ನಕಲಿ ಮಾಲಿನ ಅನುಮಾನ ಯಾರಿಗೂ ಇರಬಾರದೆಂದು ದೇವಾನಂದನೇ ಮಾಡಿಕೊಂಡಿದ್ದ ಪದ್ಧತಿ. ಈಗ ಅದನ್ನು ಮುರಿಯುವ ದಾರಿಯಿರಲಿಲ್ಲ. ಗುಳಿಗೆ ನುಂಗಿಯೇ ಬಂದಿದ್ದ. ಸೀಲು ಒಡೆದ. ಇಮಾಮಬಿ ಬಿಸ್ಮಿಲ್ಲಾ ಅಂದಳು. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು ಗೂಡಿನ ಮೇಲೆ ತಂದ. ಬೆರಳು ಅದುರಿದವು. ಹಿಂದಕ್ಕೆ ತೆಗೆದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಮತ್ತೆ ತಂದ. ಈ ಸಲ ಎರಡೂ ಕೈ ನಡುಗಿದವು.

ಪಕ್ಕದ ಹೋಟೆಲಿನಿಂದ ಚಹಾ ತಂದಿದ್ದ ದಶರಥ ಬಾಗಿಲಲ್ಲೇ ನಿಂತು ನಕ್ಕ. "ಅಣ್ಣಾರ, ಮುಂಜ ಮುಂಜಾನೆ ಏರಿಸಿಕೊಂಡ ಬಂದೀರೇನು?"

ಇಮಾಮಬಿಯೂ ನಗಲು ಹೋದಳು. ದೇವಾನಂದನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ದೇವಾನಂದ ಪ್ರೊಸೆಸರನ್ನು ಅದರ ಡಬ್ಬಿಗೆ ಮರಳಿ ಇಟ್ಟ. "ಏರಿಸಿಲ್ಲೋ ದಶರಥ. ನರದ ಬ್ಯಾನಿ. ಇನ್ನ ಹೋಗೂದಿಲ್ಲ."

ದಶರಥ ಚಹಾ ಇಟ್ಟು, ತಲೆ ತಗ್ಗಿಸಿಕೊಂಡು ಹೋದ.

"ರುಕ್ಸಾರ, ನೀನ ಕೂಡಸು."

"ಯಪ್ಪಾ, ನಾನ? ಕೆಟ್ಟರ?"

"ಕೆಟ್ಟರ ನಾ ಹೊಣಿ. ಬಾ ಈ ಕಡೆ."

ಅವನು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತ. "ಅಂಚ ಹಿಡಿ. ತಳಾ ಮುಟ್ಟಬ್ಯಾಡ. ಮೂಲ್ಯಾಗಿನ ಗುರುತು ಕಾಣತದಲ್ಲ, ಅದಕ್ಕ ಇದನ್ನ ಹೊಂದಸು. ಹಂಗ ನೇರ ಇಳಸು. ಉಸರ ಹಿಡೀಬ್ಯಾಡ. ಹಾಂ, ಈಗ ಬಿಡು."

ಅವಳು ಬಿಟ್ಟಳು. ಬೆನ್ನ ಹಿಂದೆ ಅವನ ಬೆರಳುಗಳೂ ತೆರೆದುಕೊಂಡವು. ಅವಕ್ಕೆ ಏನೂ ತಾಕಲಿಲ್ಲ.

"ಒತ್ತಲೇನ್ರಿ?"

"ಬ್ಯಾಡ. ಕುಂತದ."

ಅವನು ಹೇಳಿಕೊಟ್ಟ ಹಾಗೆ ಉಳಿದ ಜೋಡಣೆಯನ್ನೂ ಅವಳೇ ಮುಗಿಸಿದಳು. ಫ್ಯಾನು ತಿರುಗಿತು, ಪರದೆ ಬೆಳಗಿತು. ರುಕ್ಸಾರ ತಾನು ತಂದಿದ್ದ ಹಳೆಯ ಡಿಸ್ಕಿನಿಂದ ಮನೆಯೊಂದರ ಚಿತ್ರವನ್ನು ತೆರೆದು ತಿರುಗಿಸಿದಳು. ಗೋಡೆ, ಕಿಟಕಿ, ನೆರಳು, ಎಲ್ಲ ಎಲ್ಲೂ ತಡವರಿಸದೆ ನೀರಿನಂತೆ ತಿರುಗಿದವು. ಹೋಗುವಾಗ ಇಮಾಮಬಿ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಲ್ಲಾ ನಿಮಗ ಛಲೋ ಮಾಡ್ಲಿ ಅಣ್ಣಾರ," ಎಂದಳು.

ಅವರು ಹೋದ ಮೇಲೆ ವಿಶಾಖಾಳಿಗೆ ಫೋನು ಹಚ್ಚಿದ.

"ಕುಂತತು," ಎಂದ.

"ನೀವ ಕೂಡಿಸಿದ್ರಿ?"

"ಇಲ್ಲ. ಆ ಹುಡಗಿ. ನನಗಿಂತ ಮೆತ್ತಗ ಕೂಡಿಸಿದ್ಳು."

ಅಷ್ಟರಲ್ಲಿ ಅಪರಿಚಿತನೊಬ್ಬ ಮೆಟ್ಟಿಲ ಬಳಿ ಬಂದು ಕೇಳಿದ: "ಅಣ್ಣಾರ, ಹೊಸಾ ಮಷೀನ್ ಜೋಡಿಸಿ ಕೊಡ್ತೀರೇನ್ರಿ?"

ದೇವಾನಂದ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದ. "ಯಾವುದ ತಗೋಬೇಕು ಅಂತ ಹೇಳತೇನ್ರಿ. ಜೋಡಸೂದು ಬಿಟ್ಟೇನಿ."

"ಹಂಗ್ರಿ?" ಎಂದು ಬಂದವನು ಒಂದು ಗಳಿಗೆ ನಿಂತು, ಓಣಿಯ ಮುಂದಿನ ಅಂಗಡಿಯತ್ತ ನಡೆದ. ದೇವಾನಂದ ಅವನು ಹೋದ ದಾರಿಯನ್ನೇ ನೋಡುತ್ತ ಕುಳಿತ. ಫೋನಿನಲ್ಲಿ ವಿಶಾಖಾ ಇನ್ನೂ ಇದ್ದಳು.