ಭರಮಪ್ಪನ ನಲವತ್ತು ನಿಮಿಷ

ರಾಮದುರ್ಗದ ಭರಮಪ್ಪ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ಎಂಟನೆಯ ವಯಸ್ಸಿಗೆ ಜ್ವರ ಬಂದು ಕಣ್ಣು ಹೋದವು, ಕಾಲು ಮಾತ್ರ ನಿಲ್ಲಲಿಲ್ಲ. ಮನೆಯ ಮುಂಗೋಣೆಯಲ್ಲೇ ಅವನ ಎಸ್‌ಟಿಡಿ ಬೂತು. ಬಂದವರಿಗೆ ಫೋನು ಹಚ್ಚಿಕೊಟ್ಟು ಬಾಗಿಲಿಗೆ ಹೋಗುವನು, ಅಲ್ಲಿಂದ ಒಲೆಯ ತನಕ ಬರುವನು, ಮತ್ತೆ ಬಾಗಿಲಿಗೆ. ಹತ್ತೊಂಬತ್ತು ಹೆಜ್ಜೆ.

ಊರವರ ಕಿಸೆಗೆಲ್ಲ ಮೊಬೈಲು ಬಂದು ಬೂತಿನಲ್ಲಿ ನೊಣ ಹೊಡೆಯುವುದೇ ಕೆಲಸವಾದಾಗ ಅವನು ಒಂದು ಹಳೆಯ ಕಂಪ್ಯೂಟರ್ ತಂದಿಟ್ಟ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿತ್ತು. ಅದರ ಬೆಲೆ ಕಂಪ್ಯೂಟರಿಗಿಂತ ಹೆಚ್ಚು. ಹೆಂಡತಿ ಸತ್ಯವ್ವನ ಎರಡು ಎಮ್ಮೆಗಳಲ್ಲಿ ಒಂದು ಅದಕ್ಕೇ ಹೋಯಿತು. ಬೆಂಗಳೂರಿನ ಸಂಸ್ಥೆಯೊಂದು ಅವನಿಗೆ ಕೆಲಸ ಕೊಟ್ಟಿತು: ಕಣ್ಣಿಲ್ಲದವರು ಯಾವ ಜಾಲತಾಣದಲ್ಲಿ ಎಲ್ಲಿ ಎಡವುತ್ತಾರೆ ಎಂದು ನೋಡಿ ಬರೆಯುವುದು. ಬರೆಯಲು ಬರ ಇರಲಿಲ್ಲ. ಒತ್ತುವ ಈ ಗುಂಡಿಗೆ ಹೆಸರಿಲ್ಲ. ಇಲ್ಲಿ ಚಿತ್ರದೊಳಗಿನ ಅಕ್ಷರ ನೋಡಿ ಬರೆಯಿರಿ ಅನ್ನುತ್ತಾರೆ, ಕುರುಡ ಏನು ನೋಡಬೇಕು?

ಇಂಟರ್‌ನೆಟ್ಟಿನಲ್ಲಿ ಅಂಧರದೇ ಒಂದು ಚರ್ಚಾಕಟ್ಟೆಯೂ ಇತ್ತು. ಒಬ್ಬರು ಬರೆದದ್ದು ಎಲ್ಲರ ಮಿಂಚಂಚೆಗೂ ಹೋಗುತ್ತಿತ್ತು. ಅಲ್ಲಿಯ ಅರ್ಧಕ್ಕರ್ಧ ಮಂದಿ ಬಳಸುತ್ತಿದ್ದುದು ಆ ಓದುವ ತಂತ್ರಾಂಶದ ಕದ್ದ ಪ್ರತಿ. "ನಮ್ಮ ಕಣ್ಣಿಗೇ ಬೆಲೆ ಕಟ್ಟುವ ಕಂಪನಿಯಿಂದ ಕದ್ದರೆ ಪಾಪವೇ?" ಎಂದು ಅವರು ಬರೆದಾಗಲೆಲ್ಲ ಭರಮಪ್ಪ ಮೈಮೇಲೆ ದೇವರು ಬಂದವನಂತೆ ಉತ್ತರ ಕೊಡುತ್ತಿದ್ದ: ಬೆಲೆ ಹೆಚ್ಚಾದರೆ ಕಂಪನಿಯ ಜೊತೆ ಜಗಳಾಡೋಣ, ಕದಿಯುವುದು ಬೇಡ. ಅವನನ್ನು ಅಲ್ಲಿ ಗುರುಗಳೆಂದೇ ಕರೆಯುತ್ತಿದ್ದರು. ಆ ಹೆಸರಿನ ಮೇಲೆ ಅವನಿಗೂ ಆಸೆಯಿತ್ತು, ಸುಳ್ಳು ಯಾಕೆ?

2007ರ ಒಂದು ಸಂಜೆ ಚಚಡಿಯಿಂದ ಮಹಾನಂದಾ ಫೋನು ಮಾಡಿದಳು. ಹುಟ್ಟುಗುರುಡಿ, ಬಿ.ಎ. ಮುಗಿಸಿದವಳು, ಅದೇ ಕಟ್ಟೆಯಲ್ಲಿ ಪರಿಚಯವಾದವಳು. ಮೂರು ವಾರಕ್ಕೆ ನೌಕರಿಯ ಕಂಪ್ಯೂಟರ್ ಪರೀಕ್ಷೆ. ಅವಳ ಬಳಿ ಇದ್ದದ್ದು ಆ ತಂತ್ರಾಂಶದ ಪುಕ್ಕಟೆ ಮಾದರಿ. ನಲವತ್ತು ನಿಮಿಷ ಮಾತಾಡಿ ಅದು ಬಾಯಿ ಮುಚ್ಚುತ್ತದೆ, ಯಂತ್ರ ಆರಿಸಿ ಮತ್ತೆ ಹಚ್ಚಬೇಕು.

"ಅಣ್ಣಾ, ನಿಮ್ಮ ಲೈಸೆನ್ಸ್ ನಂಬರ ಕೊಡ್ರಿ. ಪರೀಕ್ಷಾ ಮುಗದ ಕೂಡ್ಲೆ ತಗದಬಿಡತೇನಿ."

ಒಂದು ಸಂಖ್ಯೆ ಒಬ್ಬರಿಗೆ, ಒಂದೇ ಯಂತ್ರಕ್ಕೆ ಎಂಬುದು ಕಂಪನಿಯ ಕರಾರು. ಭರಮಪ್ಪನಿಗೆ ಅದು ಬಾಯಿಪಾಠ. ಆದರೂ ಅಂಕಿಗಳನ್ನು ಹೇಳತೊಡಗಿದ.

ದೀಪ ಹಚ್ಚುತ್ತಿದ್ದ ಸತ್ಯವ್ವ ಕೇಳಿದಳು, "ಏನ ಕೊಡಾಕ ಹತ್ತೀರಿ?"

"ಹೆಪ್ಪು ಕೊಟ್ಟಂಗ ಅಷ್ಟ. ನೆರಿಯವರಿಗೆ ಒಂದ ಚಮಚೆ ಕೊಟ್ರ ನಮ್ಮ ಗಡಿಗ್ಯಾಗಿನ ಮಸರು ಕಡಿಮಿ ಆಕ್ಕೈತೇನು?"

"ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದ್ರಿ."

"ನನಗ ದೀಪಾ ಹಚ್ಚಿದರೇನು, ಬಿಟ್ಟರೇನು?" ಎಂದು ನಕ್ಕು ಉಳಿದ ಅಂಕಿಗಳನ್ನೂ ಹೇಳಿದ.

ಹನ್ನೊಂದನೆಯ ದಿನ ಅವನ ಯಂತ್ರ ವಾಕ್ಯದ ನಡುವೆ ಸುಮ್ಮನಾಯಿತು. ಆರಿಸಿ ಹಚ್ಚಿದರೆ ಅವನದೂ ಪುಕ್ಕಟೆ ಮಾದರಿಯಾಗಿತ್ತು. ಕಂಪನಿಯ ಪತ್ರ ಬಂದಿತ್ತು: ಒಂದೇ ಸಂಖ್ಯೆ ಎರಡು ಯಂತ್ರಗಳಲ್ಲಿ ಕಂಡಿದೆ. ನಿಮಗೆ ತಿಳಿಯದೆ ಯಾರಾದರೂ ಕದ್ದಿದ್ದರೆ ಒಂದು ವಾರದೊಳಗೆ ಹೆಸರು ತಿಳಿಸಿ. ನಿಮ್ಮ ಪರವಾನಗಿ ಮರಳುತ್ತದೆ, ಅವರಿಗೆ ಮಾತ್ರ ಮುಂದೆಂದೂ ಸಿಗುವುದಿಲ್ಲ.

ಬೆಂಗಳೂರಿಗೆ ದೊಡ್ಡ ವರದಿ ಕಳಿಸಲು ಹತ್ತು ದಿನ ಉಳಿದಿದ್ದವು. ಆ ಹಳೆಯ ಡಬ್ಬಿ ಒಮ್ಮೆ ಆರಿದರೆ ಎದ್ದು ಕೂರಲು ಕಾಲು ಗಂಟೆ ಬೇಕು. ಎಲ್ಲಿಗೆ ಬಂದಿದ್ದೆ ಎಂದು ಹುಡುಕಲು ಇನ್ನೊಂದು ಕಾಲು ಗಂಟೆ. ಭರಮಪ್ಪ ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ತಿರುಗಿದ.

"ಹೆಸರ ಹೇಳಿಬಿಡ್ರಿ," ಎಂದಳು ಸತ್ಯವ್ವ. "ಅದು ನನ್ನ ಎಮ್ಮೀರಿ."

ಅವಳ ಮಾತು ತಪ್ಪಲ್ಲ. ಐದನೆಯ ದಿನ ಕೂತು ಬರೆದೇಬಿಟ್ಟ: ನನಗೆ ತಿಳಿಯದೆ ಕದ್ದವಳ ಹೆಸರು ಮಹಾನಂದಾ. ಒಮ್ಮೆ ಕೇಳಿ ನೋಡೋಣವೆಂದು ಓದಿಸಿದ. ಯಂತ್ರ ತನ್ನ ಪರದೇಶದ ನಾಲಿಗೆಯಲ್ಲಿ "ಮಹ ನಂಡ" ಎಂದು ಹೇಳಿ, ನಲವತ್ತು ನಿಮಿಷ ತುಂಬಿ, ಬಾಯಿ ಮುಚ್ಚಿತು. ತನ್ನ ಬಾಯಿಂದ ಬರದ ಸುಳ್ಳನ್ನು ಯಂತ್ರದ ಬಾಯಿಂದ ಆಡಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಯಂತ್ರ ಮತ್ತೆ ಎದ್ದಾಗ ಆ ಪತ್ರ ಅಳಿಸಿ ಬೇರೆ ಬರೆದ: ಯಾರೂ ಕದ್ದಿಲ್ಲ, ಕೇಳಿದವರಿಗೆ ನಾನೇ ಕೊಟ್ಟೆ, ಕರಾರು ಗೊತ್ತಿದ್ದೂ ಕೊಟ್ಟೆ. ಅದನ್ನು ಕಂಪನಿಗೂ ಕಟ್ಟೆಗೂ ಕೂಡಿಯೇ ಕಳಿಸಿದ.

ಕಟ್ಟೆಯಲ್ಲಿ ಹಬ್ಬವೋ ಹಬ್ಬ. "ಗುರುಗಳೇ, ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿಯೇ?" ಎಂದೊಬ್ಬ. ಇಬ್ಬರೋ ಮೂವರೋ ಅವನ ಪರ ನಿಂತರು. ಭರಮಪ್ಪ ಎಲ್ಲವನ್ನೂ ಕಡೆಯ ಅಕ್ಷರದವರೆಗೆ ಓದಿಸಿ ಕೇಳಿದ. ನೋವಾಯಿತು.

ಎರಡು ದಿನಕ್ಕೆ ಕಂಪನಿಯ ಉತ್ತರ ಬಂತು. ನೀವೇ ಕೊಟ್ಟೆನೆಂದು ಬರೆದಿದ್ದೀರಿ. ಅದೇ ದಿನ ಮಹಾನಂದಾ ಎಂಬವರು, ತಾವೇ ನಿಮಗೆ ತಿಳಿಯದೆ ಕದ್ದುದಾಗಿ ಬರೆದಿದ್ದಾರೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆದ್ದರಿಂದ ಇಬ್ಬರಿಗೂ ಇನ್ನು ಪರವಾನಗಿ ಇಲ್ಲ.

ಭರಮಪ್ಪ ಸಿಟ್ಟಿನಿಂದ ಚಚಡಿಗೆ ಫೋನು ಹಚ್ಚಿದ. "ನಿನಗ ಕಳ್ಳಿ ಆಗಂತ ಯಾರ ಹೇಳಿದ್ರು ಯವ್ವಾ? ನೌಕರಿ ಮುಂದ ಐತಿ!"

"ಕಟ್ಟ್ಯಾಗ ನಿಮ್ಮ ಪತ್ರಾ ಕೇಳಿದ್ನಿ. ನನ್ನ ಸಲುವಾಗಿ ನಿಮ್ಮ ಹೆಸರ ಕೆಡಬಾರದಂತ ಬರದ್ನಿರಿ." ಅವಳು ಅಳುತ್ತಿದ್ದಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ಅಣ್ಣಾ, ನಿಮ್ಮ ಮಶೀನು ಈಗ ಮಾತಾಡಾಕ ಹತ್ತೇತೇನ್ರಿ?"

"ಇಲ್ಲ. ಈಗರ ಬಂದ್ ಆತು."

"ನಂದು ಈಗರ ಚಾಲೂ ಆಗೇತಿ. ಯಾವ ಪುಟಾ ಓದಸ್ಬೇಕು, ಹೇಳ್ರಿ. ನನಗೂ ಅಭ್ಯಾಸ ಆಕ್ಕೈತಿ."

ಅವಳು ರಿಸೀವರನ್ನು ತನ್ನ ಯಂತ್ರದ ಬಾಯಿಗೆ ಹಿಡಿದಳು. ಭರಮಪ್ಪ ಇತ್ತ ಬ್ರೈಲ್ ಹಲಗೆಯ ಮೇಲೆ ತಪ್ಪುಗಳನ್ನು ಚುಚ್ಚುತ್ತ ಹೋದ. ಆ ದಿನದಿಂದ ಹಾಗೆಯೇ ನಡೆಯಿತು, ಅವಳದು ನಿಂತಾಗ ಇವನದು, ಇವನದು ನಿಂತಾಗ ಅವಳದು.

ವರದಿ ಮುಗಿಯುವ ಸಂಜೆ ಸತ್ಯವ್ವ ದೀಪ ಹಿಡಿದು ಮುಂಗೋಣೆಗೆ ಬಂದಳು. ಫೋನಿನಲ್ಲಿ ಚಚಡಿಯ ಯಂತ್ರ ಓದುತ್ತಲೇ ಇತ್ತು. ತುಸು ಹೊತ್ತು ನಿಂತು ಕೇಳಿ, ಬತ್ತಿಗೆ ಕಡ್ಡಿ ಗೀರದೆ ಅಲ್ಲೇ ಕೂತಳು.

"ದೀಪಾ ಹಚ್ಚಲಿಲ್ಲೇನ?" ಎಂದ ಭರಮಪ್ಪ.

"ಆಕಿ ಕೊಡೂದು ಮುಗೀಲ್ರಿ," ಎಂದಳು ಸತ್ಯವ್ವ. "ಆಮ್ಯಾಲ ಹಚ್ಚತೇನಿ."