ಟವೆಲ್ ಹಾಕಬಾರದ ಟವೆಲ್ ಕಂಬಿ

ಈಜುಕೊಳದ ಕಚೇರಿಯಲ್ಲಿ ನನ್ನದು ಭಾರೀ ಹುದ್ದೆ: ಟಿಕೆಟ್ ಹರಿಯುವುದು, ಫೋನ್ ಎತ್ತುವುದು, ಮ್ಯಾನೇಜರ್ ಬೈದಾಗ ತಲೆಯಾಡಿಸುವುದು. ಕೊನೆಯದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೈಸಿಕೊಂಡೂ ತಲೆಯಾಡಿಸದವಳು ಒಬ್ಬಳೇ, ಟವೆಲ್ ಅಕ್ಕ. ಈಜಿ ಬಂದವರಿಗೆ ಟವೆಲ್ ಕೊಡುವುದು, ಒದ್ದೆಯಾದದ್ದನ್ನು ಒಗೆದು ಒಣಗಿಸುವುದು ಅವಳ ಕೆಲಸ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳು ಓದುತ್ತಿದ್ದಾಳೆ. ಮನೆ ನಡೆಯುವುದು ಇವಳ ಸಂಬಳದಲ್ಲೇ. ಹಿಂದೆ ಒಂದು ಲಾಂಡ್ರಿಯಲ್ಲಿದ್ದಳು. ಅಲ್ಲಿ ಬಿಳಿ ಬಟ್ಟೆಯೊಳಗೆ ಬಣ್ಣದ್ದನ್ನು ಸೇರಿಸಿದವರು ಇನ್ಯಾರೋ, ಬಾಗಿಲು ತೋರಿಸಿದ್ದು ಇವಳಿಗೆ. ಆ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇದೆ.

ಚಳಿ ಬಿದ್ದಮೇಲೆ ಟವೆಲ್‌ಗಳು ಮುಗ್ಗಲು ವಾಸನೆ ಹೊಡೆಯತೊಡಗಿದವು. ಕೊಳದ ಖಾಯಂ ಗಿರಾಕಿಯಾದ ಮುದಿ ವಕೀಲರು ದೂರು ಕೊಟ್ಟರು.

"ಇನ್ನೊಂದು ದೂರು ಬಂತು ಅಂದ್ರೆ ನೀನು ಮನೆಗೆ," ಎಂದ ಮ್ಯಾನೇಜರ್ ಅಕ್ಕನಿಗೆ.

ಬಾತ್‌ರೂಮಿನ ಗೋಡೆಗೆ ಕರೆಂಟಿನಲ್ಲಿ ಬಿಸಿಯಾಗುವ ಟವೆಲ್ ಕಂಬಿ ಹಾಕಿಸುವುದೆಂದಾಯಿತು. ಅದನ್ನು ಆರಿಸಿ ತರುವ ಘನಕಾರ್ಯ ನನ್ನ ತಲೆಗೆ ಬಂತು.

"ಕಂಬಿ ಕಂಬಿ ಮಧ್ಯ ಜಾಗ ಇರ್ಬೇಕು ಕಣೋ, ದಪ್ಪ ಟವೆಲ್ ತೂರ್ಬೇಕು. ಹೊಳಪು ನೋಡಿ ಮರುಳಾಗ್ಬೇಡ," ಅಂದಿದ್ದಳು ಅಕ್ಕ.

ಹೊಳಪು ನೋಡಿಯೇ ಮರುಳಾದೆ. ಅಂಗಡಿಯಲ್ಲಿದ್ದ ಆ ಕಂಬಿಯಲ್ಲಿ ನನ್ನ ಮುಖ ಕಾಣಿಸಿತು. ಸೊಟ್ಟಗೆ ಕಂಡರೂ ಮನೆಯ ಕನ್ನಡಿಗಿಂತ ವಾಸಿಯಾಗಿತ್ತು.

ತಂದು ಗೋಡೆಗೆ ಹಾಕಿಸಿದ ಮೇಲೆ, ಒತ್ತೊತ್ತಾಗಿದ್ದ ಅದರ ಕಂಬಿಗಳ ನಡುವೆ ಟವೆಲ್ ತುರುಕಬೇಕಾಯಿತು. ತುರುಕಿದ್ದು ಉಂಡೆಯಾಗಿ, ಮೇಲೆ ಬೆಚ್ಚಗೆ, ಒಳಗೆ ಒದ್ದೆ. ಸಾಲದ್ದಕ್ಕೆ ಹೊಳಪಿನ ಮೇಲೆಲ್ಲ ನೀರಿನ ಬಿಳಿ ಕಲೆ. ಕಲೆ ಕಂಡ ಮ್ಯಾನೇಜರ್ ಕೆಂಡವಾದ. ಮರುದಿನ ಗೋಡೆಯ ಮೇಲೆ ಫಲಕ ಬಂತು: "ಕಂಬಿಯ ಮೇಲೆ ಒದ್ದೆ ಟವೆಲ್ ಹಾಕಬಾರದು."

"ಒಣಗಿರೋದನ್ನ ಒಣಗ್ಸೋಕಾ ಇದು?" ಅಕ್ಕನ ಗಂಟಲು ಕೊಳದ ಆ ತುದಿಗೂ ಕೇಳಿಸಿತು. "ನಾಳೆ ಕೊಳಕ್ಕೆ ನೀರು ಬಿಡಬಾರ್ದು ಅಂತಾನೂ ಬರೆಸಿ!"

"ಕಲೆಯಾದ್ರೆ ಸಾಮಾನು ಕೆಡುತ್ತೆ," ಎಂದ ಮ್ಯಾನೇಜರ್.

"ವಾಸನೆ ಬಂದ್ರೆ?"

"ಅದು ನಿನ್ನ ಜವಾಬ್ದಾರಿ."

ನನಗೂ ಮೈಯೆಲ್ಲ ಉರಿದುಹೋಯಿತು. ಆದರೆ ತಲೆ, ರೂಢಿಬಲದಿಂದ, ಹೂಂ ಎಂದು ಆಡಿತು. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

"ತಂದೋನೂ ನೀನೇ, ತಲೆ ಆಡ್ಸೋನೂ ನೀನೇ. ಎಲೆಕ್ಟ್ರಿಷಿಯನ್‌ನ ಕರ್ದು ಬಿಚ್ಚಿಸು ಇದನ್ನ. ನಡಿ ಅಂಗಡಿಗೆ."

ನಾನು ಕಂಬಿ ಹೊತ್ತೆ, ಅವಳು ಒಂದು ಬಕೆಟ್ ಒದ್ದೆ ಟವೆಲ್ ಹೊತ್ತಳು. ಅಂಗಡಿ ಹೊಕ್ಕವಳೇ ಗೋಡೆಯಲ್ಲಿ ಸಾಲಾಗಿದ್ದ ಕಂಬಿಗಳಿಗೆಲ್ಲ ಒಂದೊಂದು ನೇತುಹಾಕಿದಳು.

"ಅಮ್ಮಾ, ಅಮ್ಮಾ, ಒದ್ದೆ ಹಾಕ್ಬೇಡಿ! ಕಲೆ ಆಗುತ್ತೆ!" ಅಂಗಡಿಯವನು ಓಡಿಬಂದ.

ಅಕ್ಕ ಉಳಿದ ಗಿರಾಕಿಗಳ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ? ಟವೆಲ್ ಕಂಬಿ ಮಾರೋರೇ ಟವೆಲ್ ಹಾಕ್ಬೇಡಿ ಅಂತಾರೆ!"

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಂಗಡಿಯವನು ತೆಪ್ಪಗೆ ಎಲ್ಲ ಸ್ವಿಚ್ ಹಾಕಿದ. ನಾನು ಮಾರಾಟಕ್ಕಿಟ್ಟ ಕಮೋಡೊಂದರ ಮೇಲೆ ಕೂತು ಕಾದೆ. ಅಕ್ಕ ಕೂರಲಿಲ್ಲ, ಸರದಿಯಲ್ಲಿ ಒಂದೊಂದನ್ನೂ ಹಿಂಡಿ ನೋಡುತ್ತ ನಿಂತಳು. ಕೊನೆಗೆ ಒಣಗಿದ್ದು ಮೂಲೆಯ ಒಂದರಲ್ಲಿ ಮಾತ್ರ. ಅಗಲ ಸಂದು, ನೀರಿನ ಕಲೆ ಬಿದ್ದರೂ ಕಾಣದ ಮಂಕು ಬಿಳಿ ಬಣ್ಣ, ನೋಡಲು ಕಿಟಕಿ ಸರಳಿನ ಹಾಗೆ. ನಾವು ತೊಲಗಿದರೆ ಸಾಕೆಂದು ಅಂಗಡಿಯವನು ಅದನ್ನೇ ಬದಲಿಗೆ ಕೊಟ್ಟು ಕಳಿಸಿದ.

ಹೊಸ ಕಂಬಿಯಿಂದ ತೆಗೆದ ಟವೆಲನ್ನು ವಕೀಲರು ಮೂಸಿದರು, ತಿರುಗಿಸಿ ಮತ್ತೆ ಮೂಸಿದರು. ದೂರಿಗೆ ಏನೂ ಸಿಗದೆ ನಿರಾಸೆಯಿಂದ ತಲೆ ಒರೆಸಿಕೊಂಡರು. ಅಕ್ಕನ ಕೆಲಸ ಉಳಿಯಿತು.

"ನೋಡಿದ್ಯಾ, ನಾನು ಗದರಿದ್ದಕ್ಕೆ ಎಲ್ಲಾ ಸರಿಹೋಯ್ತು," ಎಂದ ಮ್ಯಾನೇಜರ್.

"ಗದರಿದ್ರೆ ಟವೆಲ್ ಒಣಗೋ ಹಾಗಿದ್ರೆ ನಿಮ್ಮನ್ನೇ ಗೋಡೆಗೆ ಹಾಕಿಸ್ತಿದ್ವಿ ಸಾರ್," ಅಂದಳು ಅಕ್ಕ.

ಅವನು ಫೋನ್ ಹಿಡಿದು ಹೊರಗೆ ನಡೆದ. ಅಕ್ಕನ ಸಿಟ್ಟು ಇಳಿದಿರಲಿಲ್ಲ. ಉಳಿದದ್ದು ನನ್ನ ಪಾಲಿಗೆ ಬಂತು.

"ಏನ್ ಹಲ್ಲು ಕಿರೀತೀಯ? ವಾರಕ್ಕೊಂದ್ಸಲ ಸ್ವಿಚ್ ಆರಿಸಿ, ತಣ್ಣಗಾದ್ಮೇಲೆ ಮೆತ್ತನೆ ಬಟ್ಟೇಲಿ ಒರೆಸೋದು ನಿನ್ನ ಕೆಲ್ಸ. ಆಸಿಡ್ ಗೀಸಿಡ್ ಸುರಿದ್ಯೋ, ನಿನ್ನನ್ನ ಬಕೆಟ್‌ನಲ್ಲಿ ಮುಳುಗಿಸ್ತೀನಿ."

ಒರೆಸುತ್ತಿದ್ದೇನೆ. ಅವಳು ಬಾಗಿಲಲ್ಲಿ ನಿಂತು, ಒಂದೊಂದು ಕಂಬಿಗೂ ನನ್ನನ್ನು ಬೈಯುತ್ತಿದ್ದಾಳೆ.